ಕಿಪ್ ಉಪಕರಣದಿಂದ ಬ್ಯಾಟರಿ ಪುಡಿಯವರೆಗೆ: ಇನಾರ್ಗ್ಯಾನಿಕ್ ಕೆಮಿಸ್ಟ್ರಿ ವಿಭಾಗದಲ್ಲಿ ಏನಿದೆ?

ಮುಂಬಯಿ ವಿಶ್ವವಿದ್ಯಾಲಯದ ಎಂ.ಎಸ್‌ಸಿ. ಕೆಮಿಸ್ಟ್ರಿಗೆ ಬಹುಕಾಲದಿಂದ ನಾಲ್ಕು ಕವಲು: ಫಿಸಿಕಲ್, ಇನಾರ್ಗ್ಯಾನಿಕ್, ಆರ್ಗ್ಯಾನಿಕ್, ಅನಲಿಟಿಕಲ್. ಆರಿಸಿಕೊಳ್ಳುವ ಹೊತ್ತು ಬಂದಾಗ ಹೆಚ್ಚಿನ ಮಕ್ಕಳ ಕಣ್ಣು ಕೊನೆಯ ಎರಡರ ಮೇಲೆ. ಅದಕ್ಕೆ ಕಾರಣವೂ ಇದೆ. ತಾರಾಪುರ, ಅಂಬರನಾಥ, ಗೋವೆಯ ವೆರ್ಣಾ, ಎಲ್ಲಿ ನೋಡಿದರೂ ಔಷಧ ಕಂಪನಿಗಳು. ಅವುಗಳ ಕ್ಯೂಸಿ, ಅಂದರೆ ಗುಣಮಟ್ಟ ಪರೀಕ್ಷೆಯ, ಲ್ಯಾಬಿಗೆ ವರ್ಷವಿಡೀ ಜನ ಬೇಕು. ಹೀಗಾಗಿ ಡೊಂಬಿವಲಿಯ ಕನ್ನಡ ಮನೆಯಲ್ಲಾಗಲಿ, ಪಿಂಪ್ರಿಯಲ್ಲಾಗಲಿ, ವಾಸ್ಕೋದಲ್ಲಾಗಲಿ ಮಗಳು "ಇನಾರ್ಗ್ಯಾನಿಕ್ ತಗೋತೀನಿ" ಎಂದರೆ ಅಪ್ಪ ಅಮ್ಮ ಕೇಳುವುದು ಒಂದೇ ಪ್ರಶ್ನೆ: "ಅದರಲ್ಲಿ ಏನಿದೆ?"

ನ್ಯಾಯವಾದ ಪ್ರಶ್ನೆ. ಎಷ್ಟೋ ಕಡೆ ಆ ಹೆಸರಿನ ವಿಭಾಗವೇ ಈಗ ಉಳಿದಿಲ್ಲ. ಮೆಟೀರಿಯಲ್ಸ್, ಕೆಟಾಲಿಸಿಸ್, ಎನರ್ಜಿ, ನ್ಯಾನೊ ಎಂಬ ಹೊಸ ಬೋರ್ಡುಗಳ ಹಿಂದೆ ಅದು ಸೇರಿಹೋಗಿದೆ. ಬೋರ್ಡು ಹೋದರೆ ಹೋಗಲಿ. ಅದರ ಜೊತೆಗೆ ಆ ವಿಭಾಗ ನೂರು ವರ್ಷ ಕಲಿಸಿದ ಕೈಕೆಲಸ ಹೋದರೆ ಮಾತ್ರ ದೊಡ್ಡ ನಷ್ಟ. ಯಾಕೆಂದರೆ ಇವತ್ತು ದೇಶ ಹುಡುಕುತ್ತಿರುವ ಬ್ಯಾಟರಿ ಪುಡಿ, ಅಯಸ್ಕಾಂತದ ಲೋಹ, ಕ್ರಿಯಾವರ್ಧಕ ಇವೆಲ್ಲ ಅದೇ ಕೈಕೆಲಸದ ಮಕ್ಕಳು. ಅದು ಹೇಗೆ ಎಂಬುದನ್ನು ಇಲ್ಲಿ ಬಿಡಿಸಿ ನೋಡೋಣ.

ನಮ್ಮ ಪಠ್ಯಪುಸ್ತಕಗಳು ಇದನ್ನು ನಿರವಯವ ರಸಾಯನಶಾಸ್ತ್ರ ಎನ್ನುತ್ತವೆ. ಕಾರ್ಬನ್ ಸರಪಳಿಗಳನ್ನು ಬಿಟ್ಟು ಉಳಿದದ್ದೆಲ್ಲ ಇದರ ಪಾಲು: ಲೋಹಗಳು, ಲವಣಗಳು, ಆಕ್ಸೈಡುಗಳು, ಲೋಹದ ಸುತ್ತ ಬೇರೆ ಅಣುಗಳು ಕೂತ ಸಂಕೀರ್ಣಗಳು. ಗಡಿ ಅಷ್ಟು ಗಟ್ಟಿಯೇನಲ್ಲ. ರಕ್ತದ ಹಿಮೋಗ್ಲೋಬಿನ್ನಿನ ಕಬ್ಬಿಣ, ಎಲೆಯ ಹಸಿರಿನಲ್ಲಿರುವ ಮೆಗ್ನೀಷಿಯಂ, ಬಿ12 ವಿಟಮಿನ್ನಿನ ಕೋಬಾಲ್ಟ್ ಇವೂ ಇನಾರ್ಗ್ಯಾನಿಕ್ ಲ್ಯಾಬಿನ ವಿಷಯವೇ.

ಮುಂಬಯಿ ಪರೀಕ್ಷೆ, ಧಾರವಾಡದ ಲ್ಯಾಬು

ಮುಂಬಯಿ ವಿಶ್ವವಿದ್ಯಾಲಯ 1857ರಲ್ಲಿ ಶುರುವಾದಾಗ ಅದು ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆ, ಪಾಠವೆಲ್ಲ ಕಾಲೇಜುಗಳಲ್ಲಿ. ವಿಜ್ಞಾನಕ್ಕೆಂದೇ ಕಟ್ಟಿದ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ಗೆ 1911ರಲ್ಲಿ ಅಡಿಗಲ್ಲು ಬಿತ್ತು, 1920ರಲ್ಲಿ ಬಾಗಿಲು ತೆರೆಯಿತು. ಕಟ್ಟಡದ ನಕ್ಷೆ ಜಾರ್ಜ್ ವಿಟೆಟ್‌ನದು. ಹಣ ಕೊಟ್ಟವರಲ್ಲಿ ಕಾವಸ್‌ಜಿ ಜಹಾಂಗೀರ್, ಜೇಕಬ್ ಸಸೂನ್, ಕರೀಂಭಾಯಿ ಇಬ್ರಾಹಿಂ, ವಸನ್‌ಜಿ ಮೂಲ್‌ಜಿ ಇದ್ದರು. ಈಗ ಅದು ಹೋಮಿ ಭಾಭಾ ರಾಜ್ಯ ವಿಶ್ವವಿದ್ಯಾಲಯದ ಭಾಗ. ಇಂದು ಮಾಟುಂಗಾದಲ್ಲಿರುವ, ಹಳಬರ ಬಾಯಲ್ಲಿ ಇನ್ನೂ ಯುಡಿಸಿಟಿಯೇ ಆಗಿರುವ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿ 1933ರದು.

ಈ ಚರಿತ್ರೆಯಲ್ಲಿ ಕನ್ನಡ ನಾಡಿನ ಪಾಲು ಸಣ್ಣದಲ್ಲ. ಧಾರವಾಡದ ಕರ್ನಾಟಕ ಕಾಲೇಜು (1917), ಬೆಳಗಾವಿಯ ಲಿಂಗರಾಜ ಕಾಲೇಜು (1933) ಇವೆಲ್ಲ ಮುಂಬಯಿ ವಿಶ್ವವಿದ್ಯಾಲಯದ ಅಡಿಯಲ್ಲೇ ಇದ್ದವು. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಹುಟ್ಟಿದ್ದು ಮುಂಬಯಿಯಲ್ಲಿ. ಮರುವರ್ಷ ಧಾರವಾಡಕ್ಕೆ ಬಂತು. ಅಲ್ಲಿಯವರೆಗೆ ಮುಂಬಯಿ ಕರ್ನಾಟಕದ ವಿಜ್ಞಾನ ವಿದ್ಯಾರ್ಥಿ ಬರೆಯುತ್ತಿದ್ದದ್ದು ಮುಂಬಯಿಯದೇ ಪರೀಕ್ಷೆ. ಗೋವೆಯದೂ ಹೀಗೆಯೇ: 1985ರಲ್ಲಿ ತಾಳಗಾಂವ್ ಗುಡ್ಡದ ಮೇಲೆ ಸ್ವಂತ ವಿಶ್ವವಿದ್ಯಾಲಯ ಬರುವ ತನಕ ಪಣಜಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿತ್ತು. ಪುಣೆ ವಿಶ್ವವಿದ್ಯಾಲಯ 1949ರಲ್ಲಿ ಬೇರೆಯಾಯಿತು.

ಆ ಕಾಲದ ಇನಾರ್ಗ್ಯಾನಿಕ್ ಪ್ರಾಕ್ಟಿಕಲ್ ಎಂದರೆ ಸಾಲ್ಟ್ ಅನಾಲಿಸಿಸ್. ಕೈಗೆ ಒಂದು ಚಿಟಿಕೆ ಪುಡಿ ಕೊಡುತ್ತಾರೆ, ಅದರಲ್ಲಿ ಯಾವ ಲೋಹಗಳಿವೆ ಹೇಳಬೇಕು. ಲ್ಯಾಬಿನ ಮೂಲೆಯಲ್ಲಿ ಕಿಪ್ ಉಪಕರಣ: ಒಂದರ ಮೇಲೊಂದು ಮೂರು ಗಾಜಿನ ಬುರುಡೆ. ನಡುವಿನದರಲ್ಲಿ ಫೆರಸ್ ಸಲ್ಫೈಡ್ ಹರಳು, ಮೇಲಿನಿಂದ ಸುರಿದ ಆಸಿಡ್ ಕೆಳಗಿನದರಲ್ಲಿ. ಕೀಲಿ ತಿರುಗಿಸಿದರೆ ಆಸಿಡ್ ಏರಿ ಹರಳನ್ನು ಮುಟ್ಟುತ್ತದೆ, ಹೈಡ್ರೋಜನ್ ಸಲ್ಫೈಡ್ ಬರುತ್ತದೆ; ಮುಚ್ಚಿದರೆ ಅನಿಲವೇ ಒತ್ತಡ ಹಾಕಿ ಆಸಿಡನ್ನು ಕೆಳಗೆ ತಳ್ಳುತ್ತದೆ, ಕ್ರಿಯೆ ತಾನಾಗಿ ನಿಲ್ಲುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲದ ದೊಡ್ಡ ಅಪಾಯವೆಂದರೆ, ಪ್ರಮಾಣ 100 ಪಿಪಿಎಂ ಹತ್ತಿರ ಹೋದಾಗ ಮೂಗು ಸತ್ತುಹೋಗಿ ವಾಸನೆಯೇ ಗೊತ್ತಾಗುವುದಿಲ್ಲ. "ವಾಸನೆ ಹೋಯಿತು" ಎನಿಸಿದ ಕ್ಷಣ ಅನಿಲ ಕಡಿಮೆಯಾಗಿರಬಹುದು, ಹೆಚ್ಚಾಗಿಯೂ ಇರಬಹುದು.

ಸಾಲ್ಟ್ ಅನಾಲಿಸಿಸ್ಸನ್ನು ಬಾಯಿಪಾಠದ ಕೋಷ್ಟಕ ಎಂದು ಹಗುರ ಮಾಡುವವರು ಅದರ ಒಳಗಿನ ತರ್ಕವನ್ನು ನೋಡಿರುವುದಿಲ್ಲ. ತಾಮ್ರದ ಸಲ್ಫೈಡ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಸತುವಿನದು ಅದಕ್ಕಿಂತ ಬಹಳ ಹೆಚ್ಚು ಕರಗುತ್ತದೆ. ದ್ರಾವಣದಲ್ಲಿ ಆಸಿಡ್ ಇದ್ದರೆ ಸಲ್ಫೈಡ್ ಅಯಾನು ತೀರಾ ಅಲ್ಪ, ಅಷ್ಟಕ್ಕೇ ತಾಮ್ರ, ಕ್ಯಾಡ್ಮಿಯಂ, ಬಿಸ್ಮತ್ ಕರಗದ ಪುಡಿಯಾಗಿ ತಳದಲ್ಲಿ ಕೂರುತ್ತವೆ. ಸತು, ನಿಕಲ್, ಮ್ಯಾಂಗನೀಸ್ ಮೇಲಿನ ದ್ರಾವಣದಲ್ಲೇ ಉಳಿಯುತ್ತವೆ. ಅಮೋನಿಯ ಹಾಕಿ ಮತ್ತೆ ಅದೇ ಅನಿಲ ಹಾಯಿಸಿದರೆ ಆಗ ಅವೂ ಕೂರುತ್ತವೆ. ಒಂದೇ ಅನಿಲ, ಆದರೆ ಆಸಿಡ್ ಎಷ್ಟಿದೆ ಎಂಬುದರ ಮೇಲೆ ಎರಡು ಗುಂಪು ಬೇರೆ. ಕೋಷ್ಟಕದಲ್ಲಿ ತಾಮ್ರದ್ದು ಎರಡನೇ ಗುಂಪು, ಸತುವಿನದು ನಾಲ್ಕನೆಯದು. ಎರಡನೇ ಗುಂಪಿಗೆ ಹೈಡ್ರೋಕ್ಲೋರಿಕ್ ಆಸಿಡ್ ಸುಮಾರು 0.3 ಮೋಲಾರ್ ಇರಬೇಕು. ಹೆಚ್ಚಾದರೆ ಕ್ಯಾಡ್ಮಿಯಂ ಕೂರದೆ ಮುಂದೆ ಹೋಗುತ್ತದೆ, ಕಡಿಮೆಯಾದರೆ ಸತು ಇಲ್ಲಿಯೇ ನುಗ್ಗುತ್ತದೆ.

ತಪ್ಪುವ ಜಾಗಗಳೂ ಪಾಠಗಳೇ. ಹಿಂದಿನ ಹಂತದ ನೈಟ್ರಿಕ್ ಆಸಿಡ್ ಉಳಿದಿದ್ದರೆ ಅದು ಹೈಡ್ರೋಜನ್ ಸಲ್ಫೈಡನ್ನು ಆಕ್ಸಿಡೈಸ್ ಮಾಡಿ ಗಂಧಕ ಬೀಳಿಸುತ್ತದೆ. ದ್ರಾವಣ ಮಜ್ಜಿಗೆ ನೀರಿನಂತೆ ಬೆಳ್ಳಗಾಗುತ್ತದೆ, ಹುಡುಗರು ಅದನ್ನೇ ಪ್ರೆಸಿಪಿಟೇಟ್ (ಕೂತ ಪುಡಿ) ಎಂದು ಬರೆದುಬಿಡುತ್ತಾರೆ. ಕಬ್ಬಿಣ, ಅಲ್ಯೂಮಿನಿಯಂ ಇರುವ ಮೂರನೇ ಗುಂಪಿಗೆ ಹೋಗುವ ಮುಂಚೆ ಅನಿಲವನ್ನು ಪೂರ್ತಿ ಕುದಿಸಿ ಓಡಿಸದಿದ್ದರೆ, ಅಮೋನಿಯ ಬಿದ್ದ ಕೂಡಲೇ ನಾಲ್ಕನೇ ಗುಂಪಿನ ಸಲ್ಫೈಡುಗಳು ಕಪ್ಪಾಗಿ ಕೂರುತ್ತವೆ. ಆಮೇಲೆ ನಾಲ್ಕು ಹನಿ ನೈಟ್ರಿಕ್ ಆಸಿಡ್ ಹಾಕಿ ಬಿಸಿ ಮಾಡುವುದನ್ನು ಮರೆತರೆ ಕಬ್ಬಿಣ ಫೆರಸ್ ರೂಪದಲ್ಲೇ ಉಳಿದು ಅರ್ಧ ಕೂರುತ್ತದೆ, ಅರ್ಧ ಮುಂದೆ ಹೋಗುತ್ತದೆ. ಲೋಹ ಅದೇ ಆದರೂ ಅದರ ಆಕ್ಸಿಡೇಶನ್ ಸ್ಥಿತಿ (ಅದು ಎಷ್ಟು ಎಲೆಕ್ಟ್ರಾನ್ ಕಳೆದುಕೊಂಡಿದೆ ಎಂಬ ಲೆಕ್ಕ) ಬೇರೆಯಾದರೆ ನಡತೆ ಬೇರೆ. ಈ ಮಾತನ್ನು ನೆನಪಿಡಿ, ಮುಂದೆ ಟ್ರಾಂಬೆಯ ಅಣುಶಕ್ತಿ ಕೇಂದ್ರದಲ್ಲಿ ಇದೇ ಎದುರಾಗುತ್ತದೆ.

ನಿಕಲ್, 25 ಮಿಲಿಗ್ರಾಂ

ಯಾವ ಲೋಹ ಎಂದು ಕಂಡುಹಿಡಿದ ಮೇಲೆ ಎಷ್ಟು ಎಂಬ ಪ್ರಶ್ನೆ. ಇದಕ್ಕೆ ನಿಕಲ್‌ನ ಗ್ರಾವಿಮೆಟ್ರಿಗಿಂತ, ಅಂದರೆ ಕೂತ ಪುಡಿಯನ್ನು ತೂಗಿ ಲೋಹ ಅಳೆಯುವ ವಿಧಾನಕ್ಕಿಂತ, ಚೆಂದದ ಉದಾಹರಣೆ ಇಲ್ಲ. 1905ರಲ್ಲಿ ರಷ್ಯದ ಲೆವ್ ಚುಗಾಯೆವ್ ಡೈಮಿಥೈಲ್ ಗ್ಲೈಆಕ್ಸಿಮ್ ನಿಕಲ್ ಜೊತೆ ಕುಂಕುಮದಂಥ ಕೆಂಪು ಪುಡಿ ಕೊಡುತ್ತದೆಂದು ತೋರಿಸಿದ. ಲ್ಯಾಬಿನಲ್ಲಿ ಅದು ಡಿಎಂಜಿ.

ಸುಮಾರು 25 ಮಿಲಿಗ್ರಾಂ ನಿಕಲ್ ಇರುವ ದ್ರಾವಣವನ್ನು 200 ಮಿಲಿಲೀಟರ್ ಮಾಡಿ, ಸ್ವಲ್ಪ ಹೈಡ್ರೋಕ್ಲೋರಿಕ್ ಆಸಿಡ್ ಸೇರಿಸಿ, 70ರಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಬೇಕು. ಆಲ್ಕೋಹಾಲಿನಲ್ಲಿ ಕರಗಿಸಿದ 1 ಶೇಕಡಾ ಡಿಎಂಜಿಯನ್ನು 10 ಮಿಲಿಗ್ರಾಂ ನಿಕಲ್‌ಗೆ 5 ಮಿಲಿಲೀಟರಿನ ಲೆಕ್ಕದಲ್ಲಿ, ಅಂದರೆ ಇಲ್ಲಿ ಸುಮಾರು 13 ಮಿಲಿಲೀಟರ್, ಹಾಕಬೇಕು. ಇಷ್ಟಾದರೂ ಏನೂ ಕಾಣುವುದಿಲ್ಲ. ಈಗ ಅಮೋನಿಯವನ್ನು ಹನಿ ಹನಿಯಾಗಿ, ಕಲಕುತ್ತ ಬಿಟ್ಟರೆ ಇದ್ದಕ್ಕಿದ್ದಂತೆ ಬೀಕರ್ ಕೆಂಪಾಗುತ್ತದೆ. ವಾಸನೆ ಸಣ್ಣಗೆ ನಿಲ್ಲುವಷ್ಟು ಅಮೋನಿಯ ಸಾಕು. ಸ್ಟೀಮ್ ಬಾತ್ ಮೇಲೆ 20ರಿಂದ 30 ನಿಮಿಷ ಇಟ್ಟು, ಒಂದು ಗಂಟೆ ತಣಿಸಿ, ಮೊದಲೇ ತೂಕ ಮಾಡಿಟ್ಟ, ತಳದಲ್ಲಿ ಸಣ್ಣ ರಂಧ್ರಗಳ ಗಾಜಿನ ಬಿಲ್ಲೆಯಿರುವ ಜಿ4 ಸಿಂಟರ್ಡ್ ಕ್ರೂಸಿಬಲ್‌ನಲ್ಲಿ ಸೋಸಬೇಕು. ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದಾಗ ಬಿಳಿ (ಕ್ಲೋರೈಡ್ ಉಳಿದಿರುವ ಗುರುತು) ಕಾಣದಿರುವ ತನಕ ತಣ್ಣೀರಿನಲ್ಲಿ ತೊಳೆಯಬೇಕು. 110ರಿಂದ 120 ಡಿಗ್ರಿಯಲ್ಲಿ 45 ನಿಮಿಷ ಒಣಗಿಸಿ, ತೇವ ಸೇರದಂತೆ ಮುಚ್ಚಿದ ಗಾಜಿನ ಪಾತ್ರೆಯಾದ ಡೆಸಿಕೇಟರಿನಲ್ಲಿ ತಣಿಸಿ, ತೂಕ ಎರಡು ಸಲ ಒಂದೇ ಬರುವವರೆಗೆ ತೂಗಬೇಕು. ಕೆಂಪು ಪುಡಿಯ ತೂಕವನ್ನು 0.2032ರಿಂದ ಗುಣಿಸಿದರೆ ನಿಕಲ್ ತೂಕ. ಪುಡಿ 123 ಮಿಲಿಗ್ರಾಂ ಬಂದರೆ ನಿಕಲ್ 25.

ಡಿಎಂಜಿ ಅತಿಯಾಗಿ ಸುರಿದರೆ, ನೀರಿನಲ್ಲಿ ಕರಗದ ಅದೇ ಬಿಳಿ ಹರಳಾಗಿ ಕೂತು ತೂಕ ಏರಿಸುತ್ತದೆ. ಆಲ್ಕೋಹಾಲ್ ಹೆಚ್ಚಾದರೆ ಕೆಂಪು ಪುಡಿ ಸ್ವಲ್ಪ ಕರಗಿ ತೂಕ ಇಳಿಯುತ್ತದೆ. ಸ್ಟೀಲ್ ಕರಗಿಸಿದ ದ್ರಾವಣವಾದರೆ ಅಮೋನಿಯಕ್ಕೆ ಕಬ್ಬಿಣವೂ ಕೂರುತ್ತದೆ. ಮೊದಲೇ ಟಾರ್ಟಾರಿಕ್ ಅಥವಾ ಸಿಟ್ರಿಕ್ ಆಸಿಡ್ ಹಾಕಿ ಅದನ್ನು ಕಟ್ಟಿಹಾಕಬೇಕು. ಇನ್ನು ಜುಲೈ ತಿಂಗಳ ಮುಂಬಯಿ ಅಥವಾ ಪಣಜಿಯ ಗಾಳಿ. ತೇವ 90 ಶೇಕಡಾ ಮುಟ್ಟುವ ದಿನಗಳಲ್ಲಿ ಕ್ರೂಸಿಬಲ್ ಡೆಸಿಕೇಟರಿನಿಂದ ತಕ್ಕಡಿಗೆ ಹೋಗುವಷ್ಟರಲ್ಲೇ ನೀರು ಹೀರುತ್ತದೆ, ಅಂಕಿ ಕಣ್ಣೆದುರೇ ಏರುತ್ತ ಹೋಗುತ್ತದೆ. 1 ಮಿಲಿಗ್ರಾಂ ನೀರು ಕುಡಿದರೆ ನಿಕಲ್ ಲೆಕ್ಕದಲ್ಲಿ 0.2 ಮಿಲಿಗ್ರಾಂ, ಅಂದರೆ 0.8 ಶೇಕಡಾ ತಪ್ಪು. ಡೆಸಿಕೇಟರಿನ ಸಿಲಿಕಾ ಜೆಲ್ ನೀಲಿ ಇದ್ದರೆ ಒಣಗಿದೆ, ಗುಲಾಬಿಯಾದರೆ ಕೆಲಸ ಮುಗಿದಿದೆ. 120 ಡಿಗ್ರಿಯ ಓವನ್ನಿನಲ್ಲಿ ಕೆಲವು ಗಂಟೆ ಇಟ್ಟು ಮತ್ತೆ ನೀಲಿ ಮಾಡಿಕೊಳ್ಳಬೇಕು. ಈ ಬಣ್ಣ ಬದಲಿಸುವುದು ಜೆಲ್‌ಗೆ ಬಳಿದ ಕೋಬಾಲ್ಟ್ ಕ್ಲೋರೈಡ್: ನೀರು ಹತ್ತಿರ ಬಂದು ಕೋಬಾಲ್ಟ್ ಸುತ್ತ ಕೂತರೆ ಗುಲಾಬಿ, ಎದ್ದು ಹೋದರೆ ನೀಲಿ.

ಕೋಬಾಲ್ಟ್ ಸುತ್ತ ನೀರು ಕೂರುವುದು ಎಂದರೇನು? ಇದಕ್ಕೆ ಉತ್ತರ ಕೊಟ್ಟವನು ಆಲ್ಫ್ರೆಡ್ ವೆರ್ನರ್, 1893ರಲ್ಲಿ. ಕೋಬಾಲ್ಟ್ ಕ್ಲೋರೈಡ್ ಅಮೋನಿಯದೊಡನೆ ಕೊಡುವ ಸಂಯುಕ್ತಗಳಲ್ಲಿ ಪ್ರತಿಯೊಂದರಲ್ಲೂ ಮೂರು ಕ್ಲೋರೀನ್. ಅಮೋನಿಯ ಮಾತ್ರ ಆರು, ಐದು, ನಾಲ್ಕು. ಸಿಲ್ವರ್ ನೈಟ್ರೇಟ್ ಹಾಕಿದರೆ ಮೊದಲನೆಯದು ಮೂರೂ ಕ್ಲೋರೀನ್ ಬಿಡುತ್ತದೆ, ಎರಡನೆಯದು ಎರಡು, ಮೂರನೆಯದು ಒಂದೇ. ಲೋಹದ ಸುತ್ತ ಆರು ಕುರ್ಚಿಗಳಿವೆ, ಅಮೋನಿಯ ಖಾಲಿ ಬಿಟ್ಟ ಕುರ್ಚಿಯಲ್ಲಿ ಕ್ಲೋರೀನ್ ಗಟ್ಟಿಯಾಗಿ ಕೂತುಬಿಡುತ್ತದೆ ಎಂದು ವೆರ್ನರ್ ಹೇಳಿದ. 1913ರಲ್ಲಿ ನೊಬೆಲ್ ಬಂತು. ಇಡೀ ಕೋಆರ್ಡಿನೇಶನ್ ಕೆಮಿಸ್ಟ್ರಿ ಈ ಬಿಳಿ ಪ್ರೆಸಿಪಿಟೇಟ್ ಲೆಕ್ಕದಿಂದ ಹುಟ್ಟಿದ್ದು.

ಭಾರತದಲ್ಲಿ ಈ ಶಾಖೆಯ ದಾರಿ ಕಲ್ಕತ್ತದಿಂದ ಶುರು: 1896ರಲ್ಲಿ ಪ್ರಫುಲ್ಲಚಂದ್ರ ರಾಯ್ ಅವರ ಮರ್ಕ್ಯುರಸ್ ನೈಟ್ರೈಟ್, ಆಮೇಲೆ ಪ್ರಿಯದಾರಂಜನ್ ರಾಯ್ ಅವರ ಸಂಕೀರ್ಣಗಳು. ಸ್ವಾತಂತ್ರ್ಯದ ನಂತರ ಹಲವು ವಿಶ್ವವಿದ್ಯಾಲಯಗಳಲ್ಲಿ ಸಂಕೀರ್ಣ ತಯಾರಿಸಿ ಅದರ ಅಯಸ್ಕಾಂತ ಗುಣ ಅಳೆಯುವ ಕೆಲಸ ಹಬ್ಬಿತು. ಗೂಯ್ ತಕ್ಕಡಿಯಲ್ಲಿ ಪುಡಿ ತುಂಬಿದ ಕೊಳವೆಯನ್ನು ಅಯಸ್ಕಾಂತದ ನಡುವೆ ತೂಗುಬಿಟ್ಟು, ಕರೆಂಟು ಕೊಟ್ಟಾಗ ತೂಕ ಎಷ್ಟು ಏರುತ್ತದೆಂದು ನೋಡುವುದು. ಪುಡಿಯನ್ನು ಪ್ರತಿ ಸಲ ಒಂದೇ ಬಿಗಿಯಲ್ಲಿ ತುಂಬದಿದ್ದರೆ ಉತ್ತರ ಹಾಳು. ಈ ಕಾಲದಲ್ಲಿ ಒಂದೇ ಅಚ್ಚಿನ ಕೆಲಸವೂ ಬಹಳ ನಡೆಯಿತು ಎಂಬುದನ್ನು ಹೇಳಲೇಬೇಕು: ಲೋಹ ಬದಲಿಸು, ಅಳೆ, ಪ್ರಬಂಧ ಬರೆ. ಶಾಖೆಗೆ "ಹಳೇ ಕಾಲದ್ದು" ಎಂಬ ಹೆಸರು ಬಂದದ್ದಕ್ಕೆ ಇದೂ ಕಾರಣ.

ಟ್ರಾಂಬೆ, ಪಾಷಾಣ್, ತಾಳಗಾಂವ್

ಅಣುಶಕ್ತಿ ಎಂದರೆ ಫಿಸಿಕ್ಸ್ ಎಂದೇ ಎಲ್ಲರ ಲೆಕ್ಕ. ಆದರೆ ರಿಯಾಕ್ಟರಿನ ಹಿಂದೆ ಮುಂದೆ ನಡೆಯುವ ಕೆಲಸದಲ್ಲಿ ದೊಡ್ಡ ಪಾಲು ಇನಾರ್ಗ್ಯಾನಿಕ್‌ನದು. 1954ರಲ್ಲಿ ಟ್ರಾಂಬೆಯ ಸಂಸ್ಥೆ (ಇಂದಿನ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ) ಶುರುವಾಯಿತು, 1956ರ ಆಗಸ್ಟ್ 4ರಂದು ಅಪ್ಸರಾ ರಿಯಾಕ್ಟರ್ ನಡೆಯಿತು, 1959ರಲ್ಲಿ ಯುರೇನಿಯಂ ಲೋಹ, 1964ರಲ್ಲಿ ಪ್ಲುಟೋನಿಯಂ ಬೇರ್ಪಡಿಸುವ ಘಟಕ. ಆ ಬೇರ್ಪಡಿಸುವಿಕೆಯ ಒಳಗುಟ್ಟು ಸಾಲ್ಟ್ ಅನಾಲಿಸಿಸ್‌ನ ಅಣ್ಣನೇ. ಉರಿದ ಇಂಧನವನ್ನು ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿ, ಸೀಮೆಎಣ್ಣೆಯಂಥ ದ್ರಾವಕದಲ್ಲಿ 30 ಶೇಕಡಾ ಟ್ರೈಬ್ಯುಟೈಲ್ ಫಾಸ್ಫೇಟ್ ಬೆರೆಸಿ ಕಲಕಿದರೆ, ಆರರ ಸ್ಥಿತಿಯ ಯುರೇನಿಯಂ ಮತ್ತು ನಾಲ್ಕರ ಸ್ಥಿತಿಯ ಪ್ಲುಟೋನಿಯಂ ಮೇಲಿನ ಎಣ್ಣೆ ಪದರಕ್ಕೆ ಏರುತ್ತವೆ, ಉಳಿದ ವಿಕಿರಣ ಕಸ ನೀರಿನಲ್ಲಿ ಉಳಿಯುತ್ತದೆ. ಈಗ ಪ್ಲುಟೋನಿಯಂ ಒಂದನ್ನೇ ಮೂರರ ಸ್ಥಿತಿಗೆ ಇಳಿಸಿದರೆ ಅದು ಎಣ್ಣೆ ಬಿಟ್ಟು ನೀರಿಗೆ ಇಳಿದುಬರುತ್ತದೆ. ನಾಲ್ಕು ಹನಿ ನೈಟ್ರಿಕ್ ಆಸಿಡ್ ಮರೆತ ಹುಡುಗ ಕಲಿತ ಪಾಠವೇ ಇದು. ವಿಕಿರಣಕ್ಕೆ ಆ ಫಾಸ್ಫೇಟ್ ಒಡೆದು ಲೋಹವನ್ನು ಬಿಡದೆ ಹಿಡಿಯುವ ಇನ್ನೊಂದು ವಸ್ತುವಾಗುತ್ತದೆ. ಹಾಗಾಗಿ ದ್ರಾವಕವನ್ನು ಸೋಡಿಯಂ ಕಾರ್ಬೊನೇಟ್‌ನಲ್ಲಿ ತೊಳೆದು ತೊಳೆದು ಬಳಸಬೇಕು.

ಪುಣೆಯ ಪಾಷಾಣ್ ರಸ್ತೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ 1950ರ ಜನವರಿ 3ರಂದು ಉದ್ಘಾಟನೆಯಾಯಿತು. ಅಲ್ಲಿ ಇನಾರ್ಗ್ಯಾನಿಕ್ ಹಿಡಿದ ದಾರಿ ಜಿಯೋಲೈಟ್‌ಗಳದು: ಸಿಲಿಕಾನ್, ಅಲ್ಯೂಮಿನಿಯಂ, ಆಕ್ಸಿಜನ್ ಸೇರಿ ಹೆಣೆದ, ಜೇನುಗೂಡಿನಂತೆ ತೂತುಗಳಿರುವ ಹರಳು. ತೂತಿನ ಅಗಲ ಅರ್ಧ ನ್ಯಾನೊಮೀಟರ್ ಆಸುಪಾಸು. ಅದರಲ್ಲಿ ತೂರುವ ಅಣುವಿಗೆ ಮಾತ್ರ ಒಳಗೆ ಕ್ರಿಯೆ, ತೂರದ್ದು ಹೊರಗೆ. 1980ರ ದಶಕದಲ್ಲಿ ಅಲ್ಲಿನ ಜಿಯೋಲೈಟ್ ಕ್ರಿಯಾವರ್ಧಕಗಳು ಪೆಟ್ರೋಕೆಮಿಕಲ್ ಕಾರ್ಖಾನೆಗೆ ಹೋದವು.

ಗೋವೆಯಲ್ಲಿ ಕಬ್ಬಿಣದ ಅದಿರು ಕಾಲಡಿಯಲ್ಲೇ. ಅದಿರಿನಿಂದ ಫೆರೈಟ್, ಅಂದರೆ ಅಯಸ್ಕಾಂತ ಗುಣದ ಆಕ್ಸೈಡ್, ತಯಾರಿಸುವ ಸಂಶೋಧನೆ ಗೋವಾ ವಿಶ್ವವಿದ್ಯಾಲಯದಲ್ಲಿ ನಡೆದಿದೆ. ಇಂಥ ಆಕ್ಸೈಡುಗಳಿಗೆ ಹಳೆಯ ವಿಧಾನವೆಂದರೆ ಎರಡು ಪುಡಿ ಅರೆದು 1000 ಡಿಗ್ರಿಗೂ ಮೇಲೆ ದಿನಗಟ್ಟಲೆ ಸುಡುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ ಅವರ ತಂಡ 1980ರ ದಶಕದಲ್ಲಿ ಬೇರೆ ದಾರಿ ತೋರಿಸಿತು: ಇಂಧನವನ್ನು ದ್ರಾವಣದೊಳಗೇ ಬೆರೆಸುವುದು. 20 ಗ್ರಾಂ ಅಲ್ಯೂಮಿನಿಯಂ ನೈಟ್ರೇಟ್, 8 ಗ್ರಾಂ ಯೂರಿಯ, 15 ಮಿಲಿಲೀಟರ್ ನೀರು. 300 ಮಿಲಿಲೀಟರ್ ಹಿಡಿಯುವ ಅಗಲ ಗಾಜಿನ ಬಟ್ಟಲಲ್ಲಿ ಕರಗಿಸಿ, 500 ಡಿಗ್ರಿಗೆ ಕಾದ ಮಫಲ್ ಫರ್ನೇಸ್ ಒಳಗಿಟ್ಟರೆ ಕುದಿಯುತ್ತದೆ, ನೊರೆಯಾಗಿ ಉಬ್ಬುತ್ತದೆ, ಭಗ್ಗನೆ ಹೊತ್ತುತ್ತದೆ. ಐದು ನಿಮಿಷದೊಳಗೆ ಅರಳಿದ ಹತ್ತಿಯಂಥ ಬಿಳಿ ಅಲ್ಯುಮಿನ, ಸುಮಾರು 2.7 ಗ್ರಾಂ. ಯೂರಿಯದ ಪ್ರಮಾಣ ಅಂದಾಜಲ್ಲ, ಲೆಕ್ಕ: ನೈಟ್ರೇಟ್ ಕೊಡುವ ಆಕ್ಸಿಜನ್ ಯೂರಿಯ ಉರಿಯಲು ಸರಿಯಾಗಿ ಸಾಲಬೇಕು, ಎರಡು ಮೋಲ್‌ಗೆ ಐದು ಮೋಲ್. ಕಡಿಮೆಯಾದರೆ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಹೊಗೆ ಎದ್ದು, ಉರಿ ಸೊರಗಿ, ಹರಳಾಗದ ಪುಡಿ ಉಳಿಯುತ್ತದೆ. ಫರ್ನೇಸ್ ಸಾಕಷ್ಟು ಕಾದಿರದಿದ್ದರೆ ಹೊತ್ತದೆ ಅಂಟಂಟಾಗಿ ಕೂರುತ್ತದೆ. ಹೆಚ್ಚು ಬೇಕೆಂದು ಬಟ್ಟಲಿಗೆ ದುಪ್ಪಟ್ಟು ಸುರಿಯಬಾರದು. ಇದು ಉರಿಯುವ ಮಿಶ್ರಣ, ಫರ್ನೇಸ್ ಇರಬೇಕಾದದ್ದೂ ಹೊಗೆ ಎಳೆಯುವ ಹುಡ್ ಕೆಳಗೆ.

ಗಾಳಿ ಮತ್ತು ಮಳೆ

ಕೆಲವು ಲೋಹ ಸಂಯುಕ್ತಗಳು ಗಾಳಿ ತಾಕಿದರೆ ಕೆಡುತ್ತವೆ, ಕೆಲವು ಹೊತ್ತಿಕೊಳ್ಳುತ್ತವೆ. ಅವಕ್ಕೆ ಶ್ಲೆಂಕ್ ಲೈನ್: ಒಂದು ಕೊಳವೆಯಲ್ಲಿ ವ್ಯಾಕ್ಯೂಂ, ಇನ್ನೊಂದರಲ್ಲಿ ಒಣ ನೈಟ್ರೋಜನ್, ಎರಡರ ನಡುವೆ ತಿರುಗುವ ಕೀಲಿಗಳು. ಫ್ಲಾಸ್ಕಿನ ಗಾಳಿ ಎಳೆದು ನೈಟ್ರೋಜನ್ ತುಂಬುವುದನ್ನು ಮೂರು ಸಲ ಮಾಡುತ್ತಾರೆ. ಪ್ರತಿ ಸಲ ಒತ್ತಡ ಸಾವಿರದಲ್ಲೊಂದು ಪಾಲಿಗೆ ಇಳಿದರೆ, ಮೂರರ ನಂತರ ಲೆಕ್ಕದ ಪ್ರಕಾರ ಗಾಳಿ ನೂರು ಕೋಟಿಯಲ್ಲಿ ಒಂದು ಪಾಲು.

ಪಂಪಿಗೆ ಮೊದಲು ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿದ ಗಾಜಿನ ಟ್ರ್ಯಾಪ್ ಇರುತ್ತದೆ. ದ್ರವ ನೈಟ್ರೋಜನ್ ಕುದಿಯುವುದು ಮೈನಸ್ 196 ಡಿಗ್ರಿಯಲ್ಲಿ, ಆಕ್ಸಿಜನ್ ದ್ರವವಾಗುವುದು ಮೈನಸ್ 183ರಲ್ಲಿ. ಟ್ರ್ಯಾಪ್ ತಣ್ಣಗಿರುವಾಗ ಎಲ್ಲೋ ಒಂದು ಕೀಲಿ ತೆರೆದುಕೊಂಡು ಗಾಳಿ ಒಳಬರುತ್ತಿದ್ದರೆ ಅಲ್ಲಿ ತಿಳಿನೀಲಿ ದ್ರವ ಆಕ್ಸಿಜನ್ ಕೂಡುತ್ತದೆ. ಅದರ ಜೊತೆ ಒಂದಿಷ್ಟು ದ್ರಾವಕವೂ ಇದ್ದರೆ ಅದು ಬಾಂಬು. ಆದ್ದರಿಂದ ಮೊದಲು ಪಂಪು ಹಾಕಿ ಸೋರಿಕೆ ಇಲ್ಲವೆಂದು ನೋಡಿ, ಆಮೇಲೆ ದ್ರವ ನೈಟ್ರೋಜನ್. ನೀಲಿ ಕಂಡರೆ ಟ್ರ್ಯಾಪ್ ಮುಟ್ಟಬೇಡಿ, ಪಂಪು ನಿಲ್ಲಿಸಬೇಡಿ. ಹುಡ್ ಕಿಟಕಿ ಇಳಿಸಿ, ಎಲ್ಲರನ್ನೂ ಹೊರಗೆ ಕಳಿಸಿ, ಅನುಭವಸ್ಥರನ್ನು ಕರೆಯಿರಿ.

ನಮ್ಮ ಕರಾವಳಿಯ ಮಳೆಗಾಲ ಇಷ್ಟು ನಾಟಕೀಯವಾಗಿ ಅಲ್ಲದಿದ್ದರೂ ದಿನವೂ ಮೋಸ ಮಾಡುತ್ತದೆ. ಇನ್‌ಫ್ರಾರೆಡ್ ಸ್ಪೆಕ್ಟ್ರಂ (ವಸ್ತು ಯಾವ ಯಾವ ಕಿರಣ ಹೀರುತ್ತದೆಂಬ ನಕ್ಷೆ) ತೆಗೆಯಲು 1–2 ಮಿಲಿಗ್ರಾಂ ಸ್ಯಾಂಪಲನ್ನು 100–200 ಮಿಲಿಗ್ರಾಂ ಪೊಟ್ಯಾಷಿಯಂ ಬ್ರೋಮೈಡ್ ಜೊತೆ ಅರೆದು ಬಿಲ್ಲೆ ಒತ್ತುತ್ತಾರೆ. ಬ್ರೋಮೈಡ್ ತೇವ ಹೀರಿದ್ದರೆ 3400 ಮತ್ತು 1640ರ ಹತ್ತಿರ ನೀರಿನ ಪಟ್ಟಿಗಳು ಬರುತ್ತವೆ. ನೋಡಿದವರು "ನನ್ನ ಸಂಕೀರ್ಣದಲ್ಲಿ ನೀರಿದೆ" ಎಂದು ಬರೆದುಬಿಡುತ್ತಾರೆ; ಆ ನೀರು ಅರಬ್ಬೀ ಸಮುದ್ರದ್ದು. ಬ್ರೋಮೈಡನ್ನು 110 ಡಿಗ್ರಿಯಲ್ಲಿ ಒಣಗಿಸಿಡುವುದು, ಸ್ಯಾಂಪಲ್ ಇಲ್ಲದ ಖಾಲಿ ಬಿಲ್ಲೆಯದೂ ಒಂದು ಸ್ಪೆಕ್ಟ್ರಂ ತೆಗೆಯುವುದು, ನೀರಿನ ಮಾತು ಬಂದರೆ ಬಿಸಿ ಮಾಡುತ್ತ ತೂಕ ಇಳಿಯುವುದನ್ನು ಅಳೆಯುವ ಟಿಜಿಎಯಿಂದ ಖಚಿತ ಮಾಡಿಕೊಳ್ಳುವುದು, ಇಷ್ಟಾದರೆ ಸಾಕು.

ಮುಂದಿನ ಕೆಲಸ ಎಲ್ಲಿದೆ

ಲಿಥಿಯಂ ಬ್ಯಾಟರಿಯ ಧನಧ್ರುವಕ್ಕೆ ಬೇಕಾದ ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಪುಡಿ ಹೇಗೆ ಆಗುತ್ತದೆ ನೋಡಿ. ಮೂರೂ ಲೋಹಗಳ ಸಲ್ಫೇಟ್ ದ್ರಾವಣವನ್ನು ಕಾಸ್ಟಿಕ್ ಸೋಡಾ ಮತ್ತು ಅಮೋನಿಯ ಜೊತೆ ದೊಡ್ಡ ಪಾತ್ರೆಯಲ್ಲಿ ಕಲಕುತ್ತ ಬಿಡುತ್ತಾರೆ. 50ರಿಂದ 60 ಡಿಗ್ರಿ, ಪಿಎಚ್ 11ರ ಆಸುಪಾಸು. ಅಮೋನಿಯ ಲೋಹಗಳನ್ನು ಹಿಡಿದು ಸ್ವಲ್ಪ ಸ್ವಲ್ಪವೇ ಬಿಡುವುದರಿಂದ ಕಣಗಳು ನಿಧಾನವಾಗಿ, ದುಂಡಗೆ ಬೆಳೆಯುತ್ತವೆ. ಪಿಎಚ್ ಏರಿದರೆ ಒಮ್ಮೆಗೇ ನುಣ್ಣನೆ ಪುಡಿ ಕೂತು ಸೋಸಲು ಬಾರದು. ಇಳಿದರೆ ನಿಕಲ್ ದ್ರಾವಣದಲ್ಲೇ ಉಳಿದು ಪ್ರಮಾಣ ತಪ್ಪುತ್ತದೆ. ಮ್ಯಾಂಗನೀಸ್ ಹೈಡ್ರಾಕ್ಸೈಡ್ ಗಾಳಿಗೆ ಕಂದಾಗುವುದರಿಂದ ನೈಟ್ರೋಜನ್ ಹಾಯಿಸುತ್ತಲೇ ಇರಬೇಕು. ತೊಳೆದು ಒಣಗಿಸಿ, ಲಿಥಿಯಂ ಲವಣ ಬೆರೆಸಿ 750–900 ಡಿಗ್ರಿಯಲ್ಲಿ ಸುಡುವಾಗ ಲಿಥಿಯಂ ಕೆಲವು ಪಾಲು ಹೆಚ್ಚೇ ಹಾಕುತ್ತಾರೆ, ಒಂದಿಷ್ಟು ಆವಿಯಾಗಿ ಹೋಗುತ್ತದೆಂದು. ನಾಲ್ಕನೇ ಗುಂಪಿನ ಲೋಹಗಳು, ಅಮೋನಿಯ ಬಾಟ್ಲಿ, ಕ್ಲೋರೈಡ್ ಹೋಗುವ ತನಕ ತೊಳೆದ ಶಿಸ್ತು, ಎಲ್ಲ ಹಳೆಯ ಪರಿಚಯವೇ. ಬ್ಯಾಟರಿಯೊಳಗಿನ ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್‌ಗೆ ನೀರು ತಾಕಿದರೆ ಹೈಡ್ರೋಫ್ಲೋರಿಕ್ ಆಸಿಡ್ ಹುಟ್ಟುತ್ತದೆ. ತೇವದ ಜೊತೆ ಗುದ್ದಾಡಿ ಪಳಗಿದ ಕೈ ಇಲ್ಲಿ ಬೇಕು.

ಇನ್ನೊಂದು ವಿರಳ ಭಸ್ಮ ಲೋಹಗಳದು, ರೇರ್ ಅರ್ತ್ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಎಲೆಕ್ಟ್ರಿಕ್ ವಾಹನದ ಮೋಟಾರಿನ ಅಯಸ್ಕಾಂತಕ್ಕೆ ನಿಯೋಡಿಮಿಯಂ, ಬಿಸಿಯಲ್ಲೂ ಶಕ್ತಿ ಕುಂದದಿರಲು ಡಿಸ್ಪ್ರೋಸಿಯಂ. 2025ರ ಏಪ್ರಿಲ್‌ನಲ್ಲಿ ಚೀನಾ ಇವುಗಳಲ್ಲಿ ಏಳು ಲೋಹಗಳ ರಫ್ತಿಗೆ ಬಿಗಿ ಹಾಕಿದಾಗ ಇಲ್ಲಿನ ಕಾರ್ಖಾನೆಗಳಿಗೂ ಬಿಸಿ ತಟ್ಟಿತು. ನಮ್ಮ ಕೇರಳ, ತಮಿಳುನಾಡು, ಒಡಿಶಾ ತೀರದ ಮರಳಿನಲ್ಲಿ ಈ ಲೋಹಗಳ ಖನಿಜವಾದ ಮೊನಜೈಟ್ ಇದೆ. 1950ರಲ್ಲಿ ಹುಟ್ಟಿದ, ಈಗ ಐಆರ್‌ಇಎಲ್ ಎಂಬ ಹೆಸರಿನ ಇಂಡಿಯನ್ ರೇರ್ ಅರ್ತ್ಸ್‌ನ ಮುಖ್ಯ ಕಚೇರಿ ಇಲ್ಲೇ ಮುಂಬಯಿಯ ಪ್ರಭಾದೇವಿಯಲ್ಲಿ. ತೊಡಕಿರುವುದು ಬೇರ್ಪಡಿಸುವುದರಲ್ಲಿ. ಹದಿನೈದು ಲ್ಯಾಂಥನೈಡುಗಳೂ ಮೂರರ ಸ್ಥಿತಿಯಲ್ಲಿ ಅಣ್ಣತಮ್ಮಂದಿರಂತೆ ನಡೆದುಕೊಳ್ಳುತ್ತವೆ. ಲ್ಯಾಂಥನಂ ಅಯಾನಿನ ತ್ರಿಜ್ಯ 1.03 ಆಂಗ್‌ಸ್ಟ್ರಾಂ, ಕೊನೆಯ ಲುಟೇಶಿಯಂನದು 0.86. ಇಷ್ಟು ಅಂತರವನ್ನು ಹದಿನಾಲ್ಕು ಮೆಟ್ಟಿಲು ಹಂಚಿಕೊಂಡಿವೆ. ಪ್ರೇಸಿಯೋಡಿಮಿಯಂ, ನಿಯೋಡಿಮಿಯಂ ಜೋಡಿಯ ನಡುವೆ 0.01 ಆಂಗ್‌ಸ್ಟ್ರಾಂ ಕೂಡ ವ್ಯತ್ಯಾಸವಿಲ್ಲ. ಒಂದು ಸಲ ಕಲಕಿದರೆ ಒಂದು ಮತ್ತೊಂದಕ್ಕಿಂತ ಕೊಂಚವೇ ಹೆಚ್ಚು ಎಣ್ಣೆ ಪದರಕ್ಕೆ ಹೋಗುತ್ತದೆ, ಅಷ್ಟೇ. ಹಾಗಾಗಿ ಹತ್ತಾರು, ಕೆಲವೊಮ್ಮೆ ನೂರಾರು ತೊಟ್ಟಿಗಳ ಸಾಲು. ಪ್ರತಿ ತೊಟ್ಟಿಯ ಆಸಿಡ್ ಕಾಯುವುದು ಟ್ರಾಂಬೆಯ ಕೆಲಸದ್ದೇ ಮುಂದುವರಿಕೆ.

ಈ ಕೆಲಸಗಳಿಗೆ ಮೆಟೀರಿಯಲ್ಸ್ ಎಂಬ ಬೋರ್ಡು ಹಾಕಿದರೆ ತಪ್ಪಿಲ್ಲ. ಆದರೆ ವಿಭಾಗ ಸೇರಿಸುವಾಗ ಸಾಮಾನ್ಯವಾಗಿ ಮೊದಲು ಕತ್ತರಿ ಬೀಳುವುದು ಗ್ರಾವಿಮೆಟ್ರಿಗೆ, ಸಾಲ್ಟ್ ಅನಾಲಿಸಿಸ್‌ಗೆ, ಗಾಜು ಊದುವವರ ಹುದ್ದೆಗೆ. ಗಾಜು ಊದುವವರು ನಿವೃತ್ತರಾದ ಲ್ಯಾಬಿನಲ್ಲಿ ಶ್ಲೆಂಕ್ ಲೈನಿನ ಒಂದು ಕೀಲಿ ಒಡೆದರೆ ಹೊಸ ಗಾಜು ಬರುವ ತನಕ ಸಂಶೋಧನೆ ನಿಂತಿರುತ್ತದೆ. ಹುದ್ದೆ ಉಳಿಸಿಕೊಳ್ಳುವುದು ಹೊಸ ಉಪಕರಣಕ್ಕಿಂತ ಅಗ್ಗ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಿಪ್ ಉಪಕರಣ ಹೋದದ್ದಕ್ಕೆ ದುಃಖಪಡಬೇಕಿಲ್ಲ; ಸ್ವಲ್ಪ ಥಯೋಅಸಿಟಮೈಡ್ ಬಿಸಿ ಮಾಡಿದರೂ ಅದೇ ಸಲ್ಫೈಡ್ ಸಿಗುತ್ತದೆ, ಅದಕ್ಕೂ ಕೈಗವಸು, ಹುಡ್ ಬೇಕು.

ಮಗಳ ಜೊತೆ ವಿಭಾಗ ನೋಡಲು ಹೋಗುವ ಅಪ್ಪ ಅಮ್ಮ ಬ್ರೋಷರ್ ಬದಿಗಿಟ್ಟು ಕೆಲವು ವಿಷಯ ಕೇಳಿ. ಫರ್ನೇಸ್ ಎಷ್ಟಿವೆ, ಯಾರು ಯಾವಾಗ ಎಷ್ಟು ಡಿಗ್ರಿಗೆ ಹಾಕಿದರೆಂಬ ಪುಸ್ತಕ ಇದೆಯೇ. ತಕ್ಕಡಿಯ ಕೋಣೆಯಲ್ಲಿ ಮಳೆಗಾಲದಲ್ಲಿ ಡಿಹ್ಯುಮಿಡಿಫೈಯರ್ ನಡೆಯುತ್ತದೆಯೇ. ಹುಡ್ ನಿಜವಾಗಿ ಎಳೆಯುತ್ತದೆಯೇ. ಕಿಟಕಿ ಬಳಿ ಟಿಶ್ಯೂ ಕಾಗದದ ಚೂರು ಹಿಡಿದರೆ ಅದು ಒಳಕ್ಕೆ ಬಾಗಬೇಕು, ಅಳೆದರೆ ಗಾಳಿ ಸೆಕೆಂಡಿಗೆ ಅರ್ಧ ಮೀಟರ್ ಹತ್ತಿರ ಇರಬೇಕು. ಎನ್‌ಎಂಆರ್ (ಅಯಸ್ಕಾಂತದಿಂದ ಅಣುವಿನ ರಚನೆ ತಿಳಿಸುವ ಯಂತ್ರ) ಇದೆ ಎಂದರೆ ಅದಕ್ಕೆ ದ್ರವ ಹೀಲಿಯಂ ತುಂಬುವ ಖರ್ಚು ಯಾರದು ಎಂದೂ ಕೇಳಿ. ಆ ಯಂತ್ರದ ಅಯಸ್ಕಾಂತ 4.2 ಕೆಲ್ವಿನ್‌ನಲ್ಲಿ ಮುಳುಗಿರಬೇಕು, ಹೀಲಿಯಂ ಹೊರದೇಶದಿಂದ ಬರಬೇಕು, ತೀರಿದರೆ ಯಂತ್ರ ಬರೀ ಸ್ಟೀಲ್ ಪೀಪಾಯಿ.

ಕೊನೆಗೆ ಕಸದ ಬಾಟ್ಲಿಗಳನ್ನು ನೋಡಿ. ಕ್ರೋಮಿಯಂ, ಬೆಳ್ಳಿ, ದ್ರಾವಕ ಎಂದು ಬೇರೆ ಬೇರೆ ಚೀಟಿ ಇದ್ದರೆ ಆ ವಿಭಾಗಕ್ಕೆ ತನ್ನ ವಿಷಯ ಗೊತ್ತಿದೆ. ಕಿತ್ತಳೆ ಬಣ್ಣದ ಡೈಕ್ರೋಮೇಟ್ ಕಸವನ್ನು ಸಿಂಕಿಗೆ ಸುರಿಯುವಂತಿಲ್ಲ. ಪಿಎಚ್ 2–3ಕ್ಕೆ ಇಳಿಸಿ, ಹುಡ್ ಒಳಗೆ ಸೋಡಿಯಂ ಮೆಟಾಬೈಸಲ್ಫೈಟ್ ಸ್ವಲ್ಪ ಸ್ವಲ್ಪವಾಗಿ ಹಾಕಿದರೆ ಕಿತ್ತಳೆ ಹೋಗಿ ಹಸಿರು ಬರುತ್ತದೆ: ವಿಷದ ಆರರ ಸ್ಥಿತಿ ಮೂರಕ್ಕೆ ಇಳಿಯಿತು. ಆಮೇಲೆ ಸುಣ್ಣ ಹಾಕಿ ಪಿಎಚ್ 8–9ಕ್ಕೆ ತಂದರೆ ಬೂದು ಹಸಿರು ಹೈಡ್ರಾಕ್ಸೈಡ್ ಕೂರುತ್ತದೆ. ಇನ್ನೂ ಮೇಲೇರಿಸಿದರೆ ಮತ್ತೆ ಕರಗಲು ಶುರು, ಅಲ್ಲಿಗೇ ನಿಲ್ಲಿಸಬೇಕು. ಒಂದು ರಾತ್ರಿ ಬಿಟ್ಟು, ಮೇಲಿನ ನೀರಿನಲ್ಲಿ ಕ್ರೋಮಿಯಂ ಉಳಿದಿಲ್ಲವೆಂದು ಪರೀಕ್ಷೆ ಮಾಡಿ, ಕೆಸರನ್ನು ಸೋಸಿ ಒಣಗಿಸಿ, ಡಬ್ಬಿಯ ಮೇಲೆ ತಾರೀಖು, ತೂಕ ಬರೆದು ಅಪಾಯಕಾರಿ ಕಸ ಒಯ್ಯುವವರಿಗೆ ಕೊಡಬೇಕು.